ಸಾಬೂದಾಣಿ ಉಪವಾಸ

ಪುಣೆಯಲ್ಲಿ ನಾನು ಹಾಕಿದ ಫರಶಿಯ ಮೇಲೆ ಎಷ್ಟೋ ಮನೆಯವರು ಇವತ್ತಿಗೂ ಓಡಾಡುತ್ತಿದ್ದಾರೆ. ನಡೆಯಲು ಬಾರದಂತಾದದ್ದು ನನಗೆ. ಮೊದಲು ಶಹಾಬಾದಿ ಕಲ್ಲು, ಆಮೇಲೆ ಮಾರ್ಬಲ್ಲು, ಈಗ ಮುಖ ಕಾಣುವಂಥ ದೊಡ್ಡ ಟೈಲ್ಸು. ಕಾಲ ಬದಲಾದಂತೆ ಮಾಲು ಬದಲಾಯಿತು, ಕೂರುವ ರೀತಿ ಬದಲಾಗಲಿಲ್ಲ. ನೆಲಕ್ಕೆ ಫರಶಿ ಹಾಕುವವನು ಮೊಣಕಾಲೂರಿಯೇ ಕೆಲಸ ಮಾಡಬೇಕು. ಎದುರಿನ ಗೋಡೆಯಿಂದ ಹಿಡಿದು ಹಿಂದಕ್ಕೆ ಹಿಂದಕ್ಕೆ ಸರಿಯುತ್ತ, ಒಂದೊಂದನ್ನೂ ಕೊಡತಿಯಿಂದ ತಟ್ಟಿ ಮಟ್ಟ ನೋಡುತ್ತ, ಕೊನೆಗೆ ಬಾಗಿಲಿನಿಂದ ಹೊರಗೆ ಬೀಳಬೇಕು. ಹಾಗೆ ಸರಿದು ಸರಿದು ನನ್ನ ಎರಡೂ ಮೊಣಕಾಲಿನ ಒಳಗಿನ ಗಾದಿ ಸವೆದುಹೋಯಿತು. ಡಾಕ್ಟರರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಎಲುಬಿಗೆ ಎಲುಬು ತಾಗಿದೆ ಎಂದರು. ಕೆಳಗೆ ಗಾರೆ ಹಾಕದೆ ಕಲ್ಲಿನ ಮೇಲೆ ಕಲ್ಲು ಇಟ್ಟಂತೆ ಎಂದು ನಾನು ತಿಳಿದುಕೊಂಡೆ. ಬಲಗಾಲಿನದು ಮೊದಲು ಬದಲಿಸಬೇಕು, ಎಡದ್ದು ಆಮೇಲೆ ನೋಡೋಣ ಎಂದರು.

ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ಕಲಬುರಗಿ ಕಡೆಯ ಕಲ್ಲಿನ ಗಣಿಗೆ ಅಪ್ಪನ ಹಿಂದೆ ಹೋದೆ. ಅಲ್ಲಿಯ ಕಲ್ಲು ಪುಣೆಗೆ ಬರುತ್ತಿತ್ತು, ಒಂದು ದಿನ ಅದೇ ಲಾರಿಯಲ್ಲಿ ನಾನೂ ಬಂದೆ. ಬಂದ ಹೊಸತರಲ್ಲಿ ಮರಾಠಿ ಒಂದಕ್ಷರ ಬರುತ್ತಿರಲಿಲ್ಲ. ಕೂಲಿಗಳ ಮೇಲಿನ ಮುಕಾದಮ ಬೆಳಿಗ್ಗೆ ಕೆಲಸ ಹೇಳಿ ‘ಸಮಜಲಂ ಕಾ?’, ತಿಳಿಯಿತೇನು, ಎಂದು ಕೇಳುತ್ತಿದ್ದ. ತಿಳಿಯಲಿಲ್ಲ ಎಂದವನಿಗೆ ಮರುದಿನ ಕೆಲಸವಿಲ್ಲ. ಅದಕ್ಕೆ ನಾನು ಅವನ ಮಾತು ಮುಗಿಯುವ ಮೊದಲೇ ‘ಸಮಜಲಂ’ ಎನ್ನುವುದನ್ನು ಕಲಿತೆ. ನಾನು ಕಲಿತ ಮೊದಲ ಮರಾಠಿ ಮಾತೇ ಅದು. ತಿಳಿಯದ್ದನ್ನು ಆಮೇಲೆ ಪಕ್ಕದವನ ಕೈ ನೋಡಿ ಕಲಿಯುತ್ತಿದ್ದೆ. ಹೀಗೆಯೇ ಮೇಸ್ತ್ರಿಯಾದೆ, ಹತ್ತು ಜನರಿಗೆ ಕೆಲಸ ಹೇಳುವವನಾದೆ. ಯಾರ ಹತ್ತಿರವೂ ಒಂದು ಮಾತನ್ನು ಎರಡನೇ ಸಲ ಕೇಳಿದವನಲ್ಲ ಎನ್ನುವುದು ನನ್ನ ಸೊಕ್ಕು. ಸೊಕ್ಕು ಎಂದು ಈಗ ಬರೆಯುತ್ತಿದ್ದೇನೆ. ಆಗ ಅದನ್ನು ಮರ್ಯಾದೆ ಎಂದುಕೊಂಡಿದ್ದೆ.

ಆಪರೇಶನ್ನಿಗೆ ನಾನು ಒಪ್ಪಿದ್ದು ಕೆಲಸಕ್ಕೆ ಮರಳುವ ಆಸೆಯಿಂದ ಅಲ್ಲ. ಹೊಸ ಮೊಣಕಾಲು ಹಾಕಿದ ಮೇಲೆ ನೆಲಕ್ಕೆ ಮೊಣಕಾಲೂರುವ ಕೆಲಸ ಬಿಡಬೇಕು ಎಂದು ಡಾಕ್ಟರರು ಮೊದಲೇ ಹೇಳಿದ್ದರು. ಒಪ್ಪಿದ್ದು ಪಾಯಖಾನೆಗಾಗಿ. ಇದನ್ನು ಬೇರೆ ಹೇಗೆ ಬರೆಯಬೇಕೋ ನನಗೆ ತಿಳಿಯದು. ಯೆರವಡಾದ ನಮ್ಮ ಮನೆ ಎರಡು ಖೋಲಿಯದು. ಅದರ ಪಾಯಖಾನೆಗೆ ನಾನೇ ನನ್ನ ಕೈಯಾರೆ ಒಂದು ಕೂದಲೆಳೆಯ ಸಂದೂ ಬಿಡದೆ ಬಿಳಿ ಟೈಲ್ಸು ಕೂರಿಸಿದ್ದೆ. ಕುಕ್ಕರಗಾಲಿನಲ್ಲಿ ಕೂರುವ ಹಳೆಯ ನಮೂನೆ. ಕೂರುವುದಂತೂ ಹೇಗೋ ಆಗುತ್ತಿತ್ತು, ಏಳುವುದು ಆಗುತ್ತಿರಲಿಲ್ಲ. ಒಳಗಿನಿಂದ ನಾನು ಒಂದು ಸಲ ಕೆಮ್ಮುತ್ತಿದ್ದೆ. ಹೊರಗೆ ನಿಂತ ಹೆಂಡತಿ ಬಾಗಿಲು ತಳ್ಳಿ ಬಂದು, ಮುಖ ಆಚೆ ತಿರುಗಿಸಿಕೊಂಡು, ನನ್ನ ಕಂಕುಳಿಗೆ ಕೈ ಕೊಟ್ಟು ಎತ್ತುತ್ತಿದ್ದಳು. ಇದರ ಬಗ್ಗೆ ನಾವಿಬ್ಬರೂ ಒಂದು ದಿನವೂ ಮಾತಾಡಲಿಲ್ಲ. ಕೆಮ್ಮು ಕೇಳಿ ಕೇಳಿ ಪಕ್ಕದ ಮನೆಯಾಕೆ, ಭಾವುಗೆ ದಮ್ಮಿನ ರೋಗವೇ ಎಂದು ವಿಚಾರಿಸಿದಳಂತೆ. ಹೌದು, ಟೈಲ್ಸಿನ ಧೂಳು ಒಳಗೆ ಕೂತಿದೆ ಎಂದು ನನ್ನ ಹೆಂಡತಿ ಹೇಳಿಬಿಟ್ಟಳು. ಅವಳು ನನ್ನ ಮಾನ ಮುಚ್ಚುತ್ತ ಬಂದದ್ದು ಹೀಗೆ.

ಒಬ್ಬನೇ ಹೋಗಿ ಒಬ್ಬನೇ ಎದ್ದು ಬರಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಆಪರೇಶನ್ನಿಗೆ ಮೊದಲು ಮನೆಯಲ್ಲಿ ಕಮೋಡು ಇರಲೇಬೇಕು ಎಂದರು. ನಾನು ಕೂರಿಸಿದ ಬಿಳಿ ಟೈಲ್ಸನ್ನು ಬೇರೆ ಮೇಸ್ತ್ರಿ ಬಂದು ಒಡೆದ. ನಾನು ಕುರ್ಚಿಯ ಮೇಲೆ ಕೂತು ನೋಡಿದೆ. ಬೀಡಿ ಸೇದುವವರಿಗೂ ತಂಬಾಕು ತಿನ್ನುವವರಿಗೂ ಗಾಯ ಬೇಗ ಮಾಯುವುದಿಲ್ಲ ಎಂದರು, ತಂಬಾಕು ಬಿಟ್ಟೆ. ರಕ್ತ, ಮೂತ್ರ, ಎದೆಯ ಇ.ಸಿ.ಜಿ. ಪಟ್ಟಿ ಎಲ್ಲ ಆಯಿತು. ಬಾಯಿಯಲ್ಲಿ ಕೀವು ಇದ್ದರೆ ಅದು ಹೊಸ ಮೊಣಕಾಲಿಗೆ ಇಳಿಯುತ್ತದೆಂದು ಹಲ್ಲಿನ ಡಾಕ್ಟರರ ಕಡೆಗೆ ಕಳಿಸಿದರು. ಅಲ್ಲಿ ನನ್ನ ಇನ್ನೊಂದು ಗುಟ್ಟು ಹೊರಬಿತ್ತು. ನನ್ನ ಮೇಲಿನ ಮುಂದಿನ ಹಲ್ಲುಗಳು ಕಟ್ಟಿಸಿದವು, ಒಂದೇ ಪ್ಲೇಟಿನಲ್ಲಿ ಕೂತವು. ನನ್ನ ಸ್ವಂತದವು ತಂಬಾಕಿನಿಂದ ಹೋದವು. ಅದು ಹೆಂಡತಿಯೊಬ್ಬಳಿಗೇ ಗೊತ್ತಿದ್ದದ್ದು. ಅವಳ ಮುಂದೆಯೂ ನಾನು ದೀಪ ಆರಿಸಿದ ಮೇಲೆಯೇ ಅವನ್ನು ತೆಗೆದು ಬಟ್ಟಲಲ್ಲಿ ಇಡುತ್ತಿದ್ದೆ. ಹಲ್ಲಿಲ್ಲದೆ ಮಾತಾಡಿದರೆ ನನ್ನ ಬಾಯಿಂದ ಸೀಟಿ ಬರುತ್ತದೆ. ಹತ್ತು ಜನರಿಗೆ ಕೆಲಸ ಹೇಳುವವನ ಬಾಯಿಂದ ಸೀಟಿ ಬಂದರೆ ಯಾರು ಕೇಳುತ್ತಾರೆ?

ದಿನ ಗೊತ್ತುಮಾಡಲು ಕೇಳಿದಾಗ ಹೆಂಡತಿ, “ಏಕಾದಶಿ ದಿನಾನ ಮಾಡಸೋಣ್ರಿ. ವಿಠೋಬನ ಹೆಸರಿನ ದಿನ, ಛಲೋ ಆಗ್ತದ,” ಎಂದಳು. ಅವಳು ತಿಂಗಳಿಗೆ ಎರಡೂ ಏಕಾದಶಿ ಹಿಡಿಯುವವಳು. ನಾನು ಮದುವೆಯಾದಾಗಿನಿಂದ ಅವಳ ಜೊತೆ ಅರ್ಧಮರ್ಧ ಹಿಡಿಯುವವನು. ಏಕಾದಶಿಯ ದಿನ ಸರ್ಜನ್ನರಿಗೂ ಬಿಡುವಿತ್ತು. ಅದೇ ಗೊತ್ತಾಯಿತು.

ಹಿಂದಿನ ದಿನ ಮಧ್ಯಾಹ್ನ ಭರ್ತಿಯಾದೆ. ನನ್ನ ಪಕ್ಕದ ಮಂಚದಲ್ಲಿ ಕರಾವಳಿ ಕಡೆಯ ಒಬ್ಬ ಮುದುಕರಿದ್ದರು. ಪುಣೆಯ ಕ್ಯಾಂಪ್ ಪೇಟೆಯಲ್ಲಿ ಹೋಟೆಲು ನಡೆಸಿದವರು, ಸೊಂಟದ ಕೀಲು ಬದಲಿಸಿಕೊಂಡು ಮಲಗಿದ್ದರು. ನಾನು ಹೆಂಡತಿಯ ಜೊತೆ ಆಡಿದ ಮಾತು ಕಿವಿಗೆ ಬಿದ್ದದ್ದೇ ತಡ, ಮಲಗಿದಲ್ಲಿಂದಲೇ ಕುತ್ತಿಗೆ ಎತ್ತಿದರು.

“ಓ, ಕನ್ನಡವಾ? ಬದುಕಿದೆ ಮಾರಾಯ್ರೆ! ಇಲ್ಲಿ ಮೂರು ದಿನದಿಂದ ನನ್ನ ಹತ್ರ ಕನ್ನಡ ಮಾತಾಡಿದವರೇ ಇಲ್ಲ. ನಿಮ್ಮದೆಂತ, ಮೊಣಕಾಲಾ?”

“ಹೌದ್ರಿ. ಬಲಗಾಲು.”

“ಏನೂ ಹೆದರಬೇಡಿ. ಕತ್ತರಿಸುವಾಗ ಗೊತ್ತೇ ಆಗುವುದಿಲ್ಲ. ಮರುದಿನ ಎಬ್ಬಿಸಿ ನಡೆಸ್ತಾರಲ್ಲ, ಆಗ ನಿಮ್ಮ ಅಪ್ಪ ಅಜ್ಜ ಎಲ್ಲ ನೆನಪಾಗ್ತಾರೆ.”

“ನನಗ ಹೆದರಿಕಿ ಇಲ್ರಿ,” ಎಂದೆ. ಹೆಂಡತಿ ನನ್ನ ಮುಖ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ನಮ್ಮ ಸಾಲಿನ ನರ್ಸು ಕೇರಳದ ಹುಡುಗಿ. ಮರಾಠಿಯನ್ನು ಇಲ್ಲಿ ಬಂದ ಮೇಲೆಯೇ ಕಲಿತವಳು, ನನ್ನ ಹಾಗೆ. ಅವಳ ಮರಾಠಿಯ ಮೇಲೆ ತೆಂಗಿನೆಣ್ಣೆ ಸವರಿದಂತೆ ಒಂದು ಜಾರಿಕೆ ಇತ್ತು. ನಾನಾದರೋ ಮರಾಠಿಯವರೂ ನನ್ನನ್ನು ತಮ್ಮವನೆನ್ನುವಷ್ಟು ಚೊಕ್ಕವಾಗಿ ಮಾತಾಡುತ್ತೇನೆಂಬ ಗರ್ವದವನು. ಅವಳು ತಡವರಿಸಿದರೆ ಮುಂದಿನ ಶಬ್ದವನ್ನು ನಾನೇ ಎತ್ತಿಕೊಡುತ್ತಿದ್ದೆ. ಅವಳು ನಕ್ಕು “ಥ್ಯಾಂಕ್ಯೂ ಕಾಕಾ” ಎನ್ನುತ್ತಿದ್ದಳು. ಆ ಥ್ಯಾಂಕ್ಯೂ ನನಗೆ ರುಚಿಸುತ್ತಿತ್ತು.

ಸಂಜೆ ಒಬ್ಬ ವಾರ್ಡ್‌ಬಾಯ್ ಬಂದು ತೊಡೆಯಿಂದ ಪಾದದವರೆಗೆ ಕೂದಲು ತೆಗೆದ. ಬಲಗಾಲು ಕೋಳಿಯ ಕಾಲಿನಂತೆ ಕಂಡಿತು. ಮೈಮೇಲೆ ದಾರ, ತಾಯಿತ, ಉಂಗುರ ಏನೂ ಇರಬಾರದು ಎಂದರು. ಉಂಗುರ ಬಂತು. ಉಡದಾರದ ಗಂಟು ಬಿಡಲಿಲ್ಲ. ಬುದ್ಧಿ ತಿಳಿದಾಗಿನಿಂದ ಸೊಂಟಕ್ಕೆ ಉಡದಾರವಿಲ್ಲದೆ ನಾನು ಇದ್ದದ್ದಿಲ್ಲ. ಹಳೆಯದು ಹರಿಯುವ ಮೊದಲೇ ಹೊಸದು ಕಟ್ಟುವುದು ನಮ್ಮಲ್ಲಿಯ ರೀತಿ. ಹೆಂಡತಿ ಪರದೆ ಎಳೆದು, ನರ್ಸಿನ ಕತ್ತರಿ ಇಸಿದುಕೊಂಡು, ತಾನೇ ಕತ್ತರಿಸಿದಳು. ಕತ್ತರಿಸಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಹಿಂದೆ ಬಿಚ್ಚಿಕೊಳ್ಳುವ ಹಸಿರು ಗೌನು ಉಟ್ಟು ಮಂಚದ ಮೇಲೆ ಕೂತಾಗ, ಉಡದಾರವೂ ಇಲ್ಲದ ಮೇಲೆ ನಾನು ಇನ್ನು ಯಾರಿಗೂ ಏನೂ ಅಲ್ಲ ಎನ್ನಿಸಿತು.

ಆ ಹೊತ್ತಿಗೇ ನರ್ಸು ಬಂದಳು. ನನ್ನ ಮೈ ಮುದುಡಿದ್ದ ಹೊತ್ತು ಅದು. ಬೇಗ ಬಂದು ಬೇಗ ಹೋಗಲಿ ಎನ್ನಿಸುತ್ತಿತ್ತು. ಅವಳು ಮರಾಠಿಯಲ್ಲಿ, “ಕಾಕಾ, ನಾಳೆ ಆಪರೇಶನ್ ಅಲ್ಲವಾ, ಅದಕ್ಕೆ ರಾತ್ರಿ ಊಟ ಆದ ಮೇಲೆ ಉಪಾಸ. ಬೆಳಿಗ್ಗೆಯೂ ಉಪಾಸ. ಅಂದರೆ…” ಎಂದು ಮುಂದಿನ ಶಬ್ದಕ್ಕೆ ಹುಡುಕಾಡಿದಳು.

“ಸಮಜಲಂ, ಸಿಸ್ಟರ್,” ಎಂದೆ. “ನಾಳೆ ಏಕಾದಶಿಯೇ ಇದೆ. ನಮ್ಮದು ಹೇಗೂ ಉಪಾಸವೇ.”

ಅವಳ ಮುಖ ಅರಳಿತು. “ಹೌದಾ? ಹಾಗಾದರೆ ಬಹಳ ಒಳ್ಳೆಯದಾಯಿತು, ಕಾಕಾ!” ಎಂದು ಹೋದಳು.

ಅಂದರೆ ಏನು ಎಂದು ಅವಳು ಹೇಳಲಿದ್ದಳು. ಆ ‘ಅಂದರೆ’ಯ ಬಾಯಿ ನಾನು ಮುಚ್ಚಿದೆ. ಮಂಚದ ತಲೆಗೆ ಕೆಂಪು ಅಕ್ಷರದ ಒಂದು ಹಲಗೆಯನ್ನೂ ತೂಗುಹಾಕಿ ಹೋಗಿದ್ದಳು. ಇಂಗ್ಲಿಷಿನದು. ಮೊಣಕಾಲಿನ ಪೇಶಂಟ್ ಎಂದಿರಬೇಕು ಎಂದುಕೊಂಡೆ. ಬಾಯಿಗೆ ಏನೂ ಹಾಕಬಾರದು ಎಂದು ಅದರಲ್ಲಿದ್ದದ್ದು ಆಮೇಲೆ ತಿಳಿಯಿತು.

ಪುಣೆಯಲ್ಲಿ ಬಾಳಿದವರಿಗೆ ಇಲ್ಲಿ ನಡೆದ ಎಡವಟ್ಟು ಆಗಲೇ ತಿಳಿದಿರುತ್ತದೆ. ಉಳಿದವರಿಗೆ ಹೇಳುತ್ತೇನೆ. ಈ ಊರಿನಲ್ಲಿ ಉಪಾಸ ಎಂದರೆ ತಿನ್ನುವ ಬಾಬತ್ತು. ಅಕ್ಕಿ, ಜೋಳ, ಗೋಧಿ ಬಿಟ್ಟು, ಸಾಬೂದಾಣಿ ಖಿಚಡಿ, ಶೇಂಗಾ, ಆಲೂಗಡ್ಡೆ, ಬಾಳೆಹಣ್ಣು, ಮೇಲೆ ಚಹಾ. ಏಕಾದಶಿಯ ದಿನ ಉಳಿದ ದಿನಕ್ಕಿಂತ ಹೊಟ್ಟೆ ಭಾರ. ಮೂವತ್ತು ವರ್ಷದಲ್ಲಿ ಆ ಶಬ್ದ ಕಿವಿಗೆ ಬಿದ್ದರೆ ನನ್ನ ಬಾಯಲ್ಲಿ ನೀರೂರುವುದು ರೂಢಿಯಾಗಿತ್ತು.

ಬೆಳಿಗ್ಗೆ ಔಷಧದ ಸಾಬೂನಿನಿಂದ ಸ್ನಾನ ಮಾಡಿಸಿದರು. ಬಲತೊಡೆಯ ಮೇಲೆ ಪೆನ್ನಿನಿಂದ ಬಾಣದ ಗುರುತು ಬರೆದರು, ತಪ್ಪಿ ಎಡಗಾಲು ಕೊಯ್ಯಬಾರದೆಂದು. ಎಲ್ಲರಿಗೂ ಉಪ್ಪಿಟ್ಟು ಬಂತು, ನನಗೆ ಬರಲಿಲ್ಲ. ಏಕಾದಶಿಯ ಮಾತನ್ನು ಹುಡುಗಿ ನೆನಪಿಟ್ಟಿದ್ದಾಳೆ, ಛಲೋ ಹುಡುಗಿ ಎಂದುಕೊಂಡೆ. ಅಷ್ಟರಲ್ಲಿ ಮನೆಗೆ ಹೋಗಿದ್ದ ಹೆಂಡತಿ ಮರಳಿ ಬಂದಳು, ಚೀಲದಲ್ಲಿ ಸ್ಟೀಲಿನ ಡಬ್ಬಿ.

“ಏನ್ರಿ, ಆಪರೇಶನ್ ಅದ, ತಿನ್ನಬಹುದೇನ್ ಅಂತ ಕೇಳೀರಿ?” ಎಂದು ಪಿಸುಗುಟ್ಟಿದಳು.

“ನಿನ್ನೇನ ಹೇಳ್ಯಾಳ. ಉಪಾಸ ಮಾಡ್ರಿ ಅಂದಾಳ.”

“ಹೌದೇನು? ಇನ್ನೊಮ್ಮೆ ಕೇಳಿ ಬರಲೇನು?”

“ನನಗ ಮರಾಠಿ ಬರೂದಿಲ್ಲೇನ? ನೀ ಪರದಿ ಎಳಿ ಮೊದಲು. ಆ ಹೋಟೆಲಿನವರು ನೋಡಿದ್ರ ಅವರಿಗೂ ಕೊಡಬೇಕಾಗ್ತದ.”

ಪರದೆಯ ಒಳಗೆ ಅವಳು ಡಬ್ಬಿ ತೆರೆದಳು. ಹುರಿದ ಶೇಂಗಾ ಪುಡಿಯ ವಾಸನೆ ಬಂತು. ಕಾಲು ಮಡಚಲಾಗದೆ ಕೂತ ನನಗೆ ಅವಳೇ ಚಮಚದಿಂದ ತಿನ್ನಿಸಿದಳು. ಇಬ್ಬರಿಗೂ ಹೆದರಿಕೆ ಇತ್ತು. ಆ ಖಿಚಡಿಯಷ್ಟು ರುಚಿಯ ಖಿಚಡಿ ನಾನು ತಿಂದಿರಲಿಲ್ಲ. ಇದನ್ನು ಬರೆಯಲೂ ನಾಚಿಕೆ.

ಬಿಸಿಲು ಏರಿದ ಮೇಲೆ ಗಾಲಿಮಂಚದ ಮೇಲೆ ಮಲಗಿಸಿ ಆಪರೇಶನ್ ಕೋಣೆಯ ಹೊರಗಿನ ಸಣ್ಣ ಕೋಣೆಗೆ ತಂದರು. ನಮ್ಮ ನರ್ಸೇ ಜೊತೆಗೆ ಬಂದಳು. ಹೆಂಡತಿಯನ್ನು ಬಾಗಿಲಿನ ಹೊರಗೆ ನಿಲ್ಲಿಸಿದರು. ಅಲ್ಲಿ ಅರಿವಳಿಕೆ ಕೊಡುವ ಡಾಕ್ಟರ್ ಕಾಯುತ್ತಿದ್ದರು. ಇಲ್ಲಿಯ ಜನ ಅವರನ್ನು ‘ಭೂಲ್‌ನ ಡಾಕ್ಟರ್’ ಎನ್ನುತ್ತಾರೆ. ಆ ಶಬ್ದಕ್ಕೆ ತಪ್ಪು ಎಂಬ ಅರ್ಥವೂ ಇದೆ. ಮಗಳ ವಯಸ್ಸಿನ ಹೆಣ್ಣುಮಗಳು, ಕಣ್ಣಷ್ಟೇ ಕಾಣುವಂತೆ ಮುಖಕ್ಕೆ ಬಟ್ಟೆ ಕಟ್ಟಿದ್ದರು. ಅಲ್ಲಿ ನಡೆದದ್ದೆಲ್ಲ ಮರಾಠಿಯಲ್ಲಿ, ನಾನು ನಮ್ಮ ಮಾತಿನಲ್ಲಿ ಬರೆಯುತ್ತೇನೆ.

“ಕಾಕಾ, ಉಪಾಸ ಇದೆಯಲ್ಲ?” ನರ್ಸು ಡಾಕ್ಟರರ ಎದುರಿಗೆ ಮತ್ತೊಮ್ಮೆ ಕೇಳಿದಳು.

“ಇದೆ ಸಿಸ್ಟರ್. ಕಟ್ಟುನಿಟ್ಟು.”

“ಗುಡ್,” ಎಂದಳು ನರ್ಸು. “ಹಲ್ಲು ಕಟ್ಟಿಸಿದ್ದಾ? ಇದ್ದರೆ ತೆಗೆಯಿರಿ.”

ಇದನ್ನು ಯಾರೂ ಮೊದಲು ಹೇಳಿರಲಿಲ್ಲ, ಅಥವಾ ಹೇಳಿದಾಗ ನಾನು ಸಮಜಲಂ ಎಂದಿರಬೇಕು. ಇಲ್ಲ ಎನ್ನೋಣವೆಂದರೆ ಹಲ್ಲಿನ ಡಾಕ್ಟರರ ಕಾಗದ ಈ ಡಾಕ್ಟರರ ಕೈಯಲ್ಲೇ ಇತ್ತು. ಗೋಡೆಯ ಕಡೆ ಮುಖ ಮಾಡಿ, ಅಂಗೈ ಮರೆಮಾಡಿ ಪ್ಲೇಟು ತೆಗೆದು ನರ್ಸು ಹಿಡಿದ ಬಟ್ಟಲಿಗೆ ಹಾಕಿದೆ. ಅವಳು ಕೈಗವಸಿನ ಬೆರಳಿನಿಂದ ಅದನ್ನು ತಿರುವಿ ನೋಡಿದಳು. ಪ್ಲೇಟಿನ ಒಳಮೈಗೆ ಒಂದು ಬಿಳಿಯ ಕಾಳು ಅಂಟಿಕೊಂಡಿತ್ತು, ಮುತ್ತಿನ ಹಾಗೆ. ಅದರ ಪಕ್ಕ ಶೇಂಗಾದ ಒಂದು ಚೂರು.

“ಕಾಕಾ, ಇದೇನು?”

ನಾನು ಬಾಯಿಗೆ ಕೈ ಅಡ್ಡ ಹಿಡಿದು, “ಸಾಬೂದಾಣಿ,” ಎಂದೆ.

“ಸಾಬೂದಾಣಿ? ಉಪಾಸ ಎಂದಿರಲ್ಲ!”

“ಉಪಾಸ ಇದೆ ಎಂದೇ ಅಲ್ಲವೇ ಸಾಬೂದಾಣಿ…”

ಗಾಲಿಮಂಚ ತಳ್ಳಿಕೊಂಡು ಬಂದಿದ್ದ ವಾರ್ಡ್‌ಬಾಯ್ ಗೋಡೆಯ ಕಡೆ ತಿರುಗಿಕೊಂಡ. ಅವನ ಹೆಗಲು ಕುಣಿಯುತ್ತಿತ್ತು. ಡಾಕ್ಟರ್ ನಗಲಿಲ್ಲ. ಬಟ್ಟಲನ್ನು ಇಸಿದುಕೊಂಡು ನೋಡಿ ಮರಳಿ ಕೊಟ್ಟು, ನನ್ನ ಮೇಲೆ ಬಗ್ಗಿ, ಯಾವಾಗ ತಿಂದಿರಿ, ಎಷ್ಟು ತಿಂದಿರಿ ಎಂದು ಕೇಳಿದರು. ಹೇಳಿದೆ. ಹೊಟ್ಟೆಯಲ್ಲಿ ಕೂಳಿದ್ದು ಭೂಲ್ ಕೊಟ್ಟರೆ ಅದು ಮೇಲಕ್ಕೆ ಬಂದು ಉಸಿರಿನ ನಳಿಗೆಗೆ ಇಳಿಯುತ್ತದೆ, ಮೇಜಿನ ಮೇಲೆಯೇ ಜೀವ ಹೋಗಬಹುದು ಎಂದರು. ಆಮೇಲೆ ನರ್ಸಿನ ಕಡೆ ತಿರುಗಿದರು. ಇಂಗ್ಲಿಷಿನಲ್ಲಿ ಬೈದರು. ಶಬ್ದ ತಿಳಿಯಲಿಲ್ಲ, ಆದರೆ ಮುಕಾದಮರ ಬೈಗುಳ ಯಾವ ಭಾಷೆಯಲ್ಲಿದ್ದರೂ ನನಗೆ ತಿಳಿಯುತ್ತದೆ. ಹುಡುಗಿ ಬಟ್ಟಲು ಹಿಡಿದುಕೊಂಡು ನಿಂತಿದ್ದಳು. ಮೂಗಿನ ತುದಿ ಕೆಂಪಾಗಿತ್ತು.

ಆಗ ನನಗೆ ಕೆಮ್ಮು ಬಂತು.

ಹೊರಗೆ ನಿಂತವಳಿಗೆ ಅದು ಕೇಳಿತು. ಅವಳಿಗೆ ಆ ಕೆಮ್ಮಿನ ಅರ್ಥ ಒಂದೇ. ಯಾರ ಅಪ್ಪಣೆಯನ್ನೂ ಕೇಳದೆ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು, ಎರಡೂ ಕೈ ಮುಂದೆ ಮಾಡಿಕೊಂಡು, ನನ್ನನ್ನು ಎತ್ತಲು. ಬಂದವಳು ಎಲ್ಲರ ಮುಖ ನೋಡಿದಳು, ಬಟ್ಟಲಿನಲ್ಲಿದ್ದ ನನ್ನ ಹಲ್ಲು ನೋಡಿದಳು, ಅಲ್ಲೇ ನಿಂತಳು.

“ಇವರಿಗೆ ತಿನ್ನಲು ಕೊಟ್ಟವರು ಯಾರು?” ಡಾಕ್ಟರ್ ಕೇಳಿದರು.

“ನಾನೇ ಕೊಟ್ಟದ್ದು, ಡಾಕ್ಟರಬಾಯಿ,” ಎಂದಳು ನನ್ನ ಹೆಂಡತಿ. ಅವಳ ಮರಾಠಿ ಭಾಜಿ ಮಾರುಕಟ್ಟೆಯ ಮರಾಠಿ. “ಅವರು ಬೇಡ ಎಂದರು. ನಾನೇ ಜುಲುಮೆ ಮಾಡಿದೆ. ನನಗೆ ತಿಳಿಯಲಿಲ್ಲ.”

ಅವಳು ಬೈಸಿಕೊಂಡಳು. ನಿಮ್ಮ ಗಂಡನ ಜೀವ ತೆಗೆಯುತ್ತಿದ್ದಿರಿ, ಒಂದು ಮಾತು ಕೇಳಲು ಬಾಯಿ ಇರಲಿಲ್ಲವೇ ಎಂದರು ಡಾಕ್ಟರ್. ಕೇಳಿ ಬರುತ್ತೇನೆಂದಿದ್ದವಳು ಅವಳು. ಬೇಡವೆಂದವನು ನಾನು. ಅವಳು ತಲೆ ಬಗ್ಗಿಸಿ, ಸೆರಗಿನ ಗಂಟನ್ನು ಹಿಸುಕುತ್ತ ನಿಂತಿದ್ದಳು, ನನ್ನ ಉಡದಾರ ಇದ್ದ ಗಂಟನ್ನು. ನಾನು ಅಂಗಾತ ಮಲಗಿ, ಬಾಯಿಗೆ ಕೈ ಒತ್ತಿ ಹಿಡಿದು, ಮೇಲಿನ ದೀಪ ನೋಡುತ್ತಿದ್ದೆ. ಬಾಯಿ ತೆರೆದರೆ ಹಲ್ಲಿಲ್ಲ. ತೆರೆದರೆ ಸೀಟಿ. ವಾರ್ಡ್‌ಬಾಯ್ ಇದ್ದಾನೆ, ಹುಡುಗಿ ಇದ್ದಾಳೆ. ಅದೊಂದೇ ಕಾರಣಕ್ಕೆ ನಾನು ಸುಮ್ಮನಿದ್ದೆ. ಎಷ್ಟು ಹೊತ್ತು ಎಂದು ಹೇಳಲಾರೆ, ಅವಳು ಮೂರು ನಾಲ್ಕು ಬೈಗುಳ ತಿನ್ನುವಷ್ಟು ಹೊತ್ತು.

ಕೊನೆಗೆ ಡಾಕ್ಟರ್ ಹೇಳಿದರು: “ಸರ್ಜನ್ನರು ಇವತ್ತು ಮಾಡುವುದಿಲ್ಲ. ಈ ಒಂದು ಮಾತು ತಿಳಿಯದವರು ಆಪರೇಶನ್ ಆದ ಮೇಲೆ ವ್ಯಾಯಾಮ, ಔಷಧ, ಡ್ರೆಸಿಂಗ್ ಹೇಗೆ ಸಂಭಾಳಿಸುತ್ತಾರೆ? ಮನೆಯಲ್ಲಿ ತಿಳಿವಳಿಕೆ ಇರುವವರು ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ. ಆಮೇಲೆ ದಿನ ನೋಡೋಣ.”

ತಿಳಿವಳಿಕೆ ಇರುವವರು. ಮಕ್ಕಳು ಮದುವೆಯಾಗಿ ಹೋದ ಮೇಲೆ ಆ ಮನೆಯಲ್ಲಿ ಇರುವವರೇ ನಾವಿಬ್ಬರು. ಅಂದರೆ ದಿನ ಸಿಗುವುದಿಲ್ಲ. ಅಂದರೆ ಮತ್ತೆ ಬಾಗಿಲ ಹೊರಗೆ ಅವಳು, ಒಳಗೆ ನಾನು, ನಡುವೆ ಕೆಮ್ಮು. ಮೇಲಾಗಿ ಕುರ್ಚಿಯಂಥ ಕಮೋಡಿನಿಂದ ಏಳಲೂ ಈಗ ನನಗೆ ಅವಳೇ ಬೇಕು.

ಬಾಯಿಂದ ಕೈ ತೆಗೆದೆ. “ಚೂಕ ಮಾಝೀ,” ಎಂದೆ. ತಪ್ಪು ನನ್ನದು ಎಂದು. ‘ಚೂಕ’ ಎನ್ನುವುದು ‘ಶ್ಶೂಕ’ ಎಂದು ಗಾಳಿ ಹೋದಂತೆ ಬಂತು. ಡಾಕ್ಟರ್ ತಿಳಿಯದೆ “ಏನು?” ಎಂದರು. ಎರಡನೇ ಸಲ ಹೇಳಬೇಕಾಯಿತು, ಇನ್ನೂ ಗಟ್ಟಿಯಾಗಿ, ಇನ್ನೂ ದೊಡ್ಡ ಸೀಟಿಯೊಂದಿಗೆ. “ತಪ್ಪು ನನ್ನದು. ಸಿಸ್ಟರ್ ಪೂರಾ ಹೇಳುವವಳಿದ್ದಳು, ನಾನು ಹೇಳಗೊಡಲಿಲ್ಲ. ಇವಳು ಕೇಳಿ ಬರುತ್ತೇನೆಂದಳು, ನಾನು ಕಳಿಸಲಿಲ್ಲ. ನನಗೆ ತಿಳಿದಿರಲಿಲ್ಲ. ತಿಳಿಯಿತು ಎಂದೆ.”

ಮಾತಿನ ಜೊತೆ ಉಗುಳೂ ಹಾರಿ ಗದ್ದಕ್ಕೆ ಇಳಿಯಿತು. ಹೆಂಡತಿ ಸೆರಗಿನಿಂದ ಒರೆಸಿದಳು. ವಾರ್ಡ್‌ಬಾಯ್ ಈಗ ನಗುತ್ತಿರಲಿಲ್ಲ, ಅದು ನಕ್ಕದ್ದಕ್ಕಿಂತ ಕೆಟ್ಟದಾಗಿತ್ತು. ಡಾಕ್ಟರ್ ಒಳಗೆ ಹೋಗಿ ಸರ್ಜನ್ನರ ಹತ್ತಿರ ಮಾತಾಡಿ ಬಂದು, “ಮುಂದಿನ ವಾರ ಬನ್ನಿ. ಇಬ್ಬರೂ ಬನ್ನಿ,” ಎಂದರು.

ವಾರ್ಡಿಗೆ ಮರಳಿದಾಗ ಸುದ್ದಿ ನಮಗಿಂತ ಮೊದಲು ಬಂದು ಕೂತಿತ್ತು. ಹೋಟೆಲಿನವರು ನನ್ನನ್ನು ನೋಡಿದ್ದೇ, “ಎಂತ ಮಾರಾಯ್ರೆ ನೀವು! ಏಕಾದಶಿ ದಿವಸ ಸಾಬೂದಾಣಿ ವಡೆ ಮಾರಿಯೇ ನಾನು ಹೋಟೆಲಿಗೆ ಮಹಡಿ ಎತ್ತಿಸಿದ್ದು. ಆದರೆ ಆಪರೇಶನ್ ಥಿಯೇಟರಿಗೆ ಪಾರ್ಸೆಲ್ ತಕೊಂಡು ಹೋದ ಗಿರಾಕಿ ನೀವೇ ಮೊದಲು,” ಎಂದರು. ಹೆಂಡತಿಗೆ ನಗು ತಡೆಯಲಾಗಲಿಲ್ಲ. ಅವಳು ನಗುತ್ತಲೇ ಅಳುತ್ತಿದ್ದಳು. ಅವರು ಅದನ್ನು ನೋಡಿ ದನಿ ತಗ್ಗಿಸಿ, “ನನಗೂ ಒಂದು ಚಮಚ ಕೊಟ್ಟಿದ್ದರೆ ನಾನು ಹೇಳ್ತಿದ್ದೆ ಅಲ್ವಾ, ತಿನ್ನಬೇಡಿ ಅಂತ,” ಎಂದರು. ಪರದೆ ಎಳೆಸಿದವನು ನಾನೇ.

ರಿಕ್ಷಾದಲ್ಲಿ ಮನೆಗೆ ಬರುವಾಗ ಸೇತುವೆಯ ಮೇಲೆ ಗಾಡಿಗಳು ಕಿಕ್ಕಿರಿದು ನಿಂತಾಗ ಅವಳು ಕೇಳಿದಳು: “ಅಲ್ರಿ, ಆ ಹುಡುಗಿ ಉಪವಾಸ ಅಂದಿದ್ಳೋ, ಉಪಾಸ ಅಂದಿದ್ಳೋ?”

“ಉಪಾಸ ಅಂದ್ಳು.”

“ಉಪವಾಸ ಅಂದಿದ್ರ ತಿಳೀತಿತ್ತೋ ಏನೋ.”

ಆ ಮಾತು ಎದೆಗೆ ನಾಟಿತು. ಗಣಿಯ ಕಡೆಯ ನಮ್ಮ ಮನೆಯಲ್ಲಿ ಅವ್ವ ‘ಇವತ್ತ ಉಪವಾಸ’ ಎಂದರೆ ಹಿಟ್ಟಿನ ಡಬ್ಬಿ ಖಾಲಿ ಎಂದರ್ಥ. ತಂಬಿಗೆ ನೀರು ಕುಡಿದು ಮಲಗುವುದು. ಉಪವಾಸಕ್ಕೆ ಹೊಟ್ಟೆಗೆ ಏನೂ ಇಲ್ಲದಿರುವುದು ಎಂಬ ಅರ್ಥ ಇದೆಯೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಾಗಿತ್ತು? ಆ ಶಬ್ದದಿಂದ ಓಡಿಯೇ ನಾನು ಕಲ್ಲಿನ ಲಾರಿ ಹತ್ತಿದ್ದು. ಈಗ ಅದೇ ಶಬ್ದ ಕೇಳಿ ಬಾಯಲ್ಲಿ ನೀರು ಸುರಿಸಿದೆನಲ್ಲ! ಹಲ್ಲು ಬಟ್ಟಲಲ್ಲಿ ಬಿದ್ದದ್ದಕ್ಕಿಂತ ಇದು ಹೆಚ್ಚು ನಾಚಿಕೆಯಾಯಿತು. ಮನೆಗೆ ಬಂದ ಮೇಲೆ ಅವಳು ಹೊಸ ಉಡದಾರ ಹೊಸೆದು ನನ್ನ ಸೊಂಟಕ್ಕೆ ಕಟ್ಟಿದಳು, ಒಂದೇ ವಾರದ ಮಟ್ಟಿಗೆ, ಸುಲಭವಾಗಿ ಬಿಚ್ಚುವಂಥ ಗಂಟು ಹಾಕಿ.

ಮುಂದಿನ ವಾರ ಮತ್ತೆ ಭರ್ತಿಯಾದೆ. ಹೋಟೆಲಿನವರು ಮನೆಗೆ ಹೋಗಿದ್ದರು. ಸಂಜೆ ಅದೇ ನರ್ಸು ಬಂದು, ಈ ಸಲ ಮಂಚದಿಂದ ಸ್ವಲ್ಪ ದೂರವೇ ನಿಂತಳು. ಅವಳು ಹೇಳತೊಡಗಿದಾಗ ನನ್ನ ನಾಲಗೆಯ ತುದಿಗೆ ಆ ಹಳೆಯ ಶಬ್ದ ಬಂದು ಕೂತಿತು. ನುಂಗಿದೆ. ಅವಳು ತಡವರಿಸಿದಳು, ಶಬ್ದ ಎತ್ತಿಕೊಡಲಿಲ್ಲ. ಅನ್ನ ಇಲ್ಲ, ಹಣ್ಣಿಲ್ಲ, ಚಹಾ ಇಲ್ಲ, ಸಾಬೂದಾಣಿ ಇಲ್ಲ ಎಂದು ಬೆರಳು ಮಡಚುತ್ತ ಹೋದಳು. ಪೂರಾ ಮುಗಿಯಿತು.

“ಸಿಸ್ಟರ್, ಇನ್ನೊಂದು ಸಲ ಹೇಳಿ,” ಎಂದೆ.

ಹಾಗೆ ಹೇಳುವಾಗ ನನ್ನ ಕಿವಿ ಬಿಸಿಯಾಯಿತು. ಅವಳು ಚೇಷ್ಟೆ ಎಂದುಕೊಂಡು ನನ್ನ ಹೆಂಡತಿಯ ಮುಖ ನೋಡಿದಳು. ಆಮೇಲೆ ಇನ್ನೊಂದು ಸಲ ಹೇಳಿದಳು. ಹೇಳಿ ಮುಗಿಸಿ, “ನಮ್ಮ ಊರಿನಲ್ಲಿ ಇದಕ್ಕೆ ಉಪವಾಸಂ ಎನ್ನುತ್ತಾರೆ, ಕಾಕಾ. ಇಲ್ಲಿಯೂ ಅದೇ ಇರಬೇಕು ಎಂದುಕೊಂಡಿದ್ದೆ,” ಎಂದಳು, ತಪ್ಪು ತನ್ನದೆನ್ನುವ ಹಾಗೆ.

“ನಮ್ಮ ಊರಿನಲ್ಲೂ ಅದೇ,” ಎಂದೆ.

ಮರುದಿನ ಗಾಲಿಮಂಚ ಬರುವ ಮೊದಲೇ, ಹಗಲ ಬೆಳಕಿನಲ್ಲಿ, ಎದುರುಸಾಲಿನವರೆಲ್ಲ ನೋಡುತ್ತಿರುವಾಗ ನಾನೇ ಹಲ್ಲು ತೆಗೆದು ಹೆಂಡತಿಯ ಕೈಗೆ ಕೊಟ್ಟೆ. ಇಡಲು ಅವಳ ಹತ್ತಿರ ಬೇರೇನೂ ಇರಲಿಲ್ಲ. ಅದೇ ಸ್ಟೀಲಿನ ಡಬ್ಬಿ ತೆರೆದಳು. ಅವಳು ರಾತ್ರಿಯೇ ತಿಕ್ಕಿ ತಿಕ್ಕಿ ತೊಳೆದಿದ್ದ ಡಬ್ಬಿ.

“ನೀ ಏನರ ತಿಂದಿ?” ಎಂದು ಸೀಟಿ ಹಾಕುತ್ತ ಕೇಳಿದೆ.

“ಹಾಂ, ತಿಂದೀನಿ,” ಎಂದಳು. ಸುಳ್ಳು ಎಂದು ಅವಳ ಮುಖದಲ್ಲೇ ಇತ್ತು.

ಸಣ್ಣ ಕೋಣೆಯಲ್ಲಿ ಅದೇ ಭೂಲ್‌ನ ಡಾಕ್ಟರ್ ಇದ್ದರು. ನನ್ನ ಮೇಲೆ ಬಗ್ಗಿ, ಬಟ್ಟೆಯ ಮೇಲಿನ ಕಣ್ಣಷ್ಟರಿಂದಲೇ ಕೇಳಿದರು: “ಕಾಕಾ, ಇವತ್ತು ಏನು ತಿಂದಿರಿ?”

ನಾಚಿಕೆ ಹೋಗಿರಲಿಲ್ಲ. ಈಗಲೂ ಹೋಗಿಲ್ಲ. ಬಾಯಿ ತೆರೆದು ತೋರಿಸಿದೆ.